ಜಪಾನಿನಲ್ಲಿ ನಮ್ಮ ಮಿಕ್ಸಿಯ ಕೈಬಿಟ್ಟ ಅಡಾಪ್ಟರ್ ಮಹಾಶಯರಿಗೆ

ಈ ಕಾಗದ ಓದುತ್ತಿರುವ ಪುಣ್ಯಾತ್ಮರೇ, ಮೊದಲು ನಿಮಗೇ ಎರಡು ಮಾತು. ಬೇರೆಯವರ ಹೆಸರಿಗೆ ಬರೆದ ಕಾಗದಕ್ಕೆ ಇಷ್ಟುದ್ದ ಕತ್ತು ಚಾಚುತ್ತೀರಲ್ಲ, ನಿಮ್ಮ ಮನೆಯ ಮಿಕ್ಸಿಯ ತಳದಲ್ಲಿ ಏನು ಬರೆದಿದೆ ಎಂದು ಒಂದು ದಿನವಾದರೂ ಬಗ್ಗಿ ಓದಿದ್ದೀರಾ? ಇಲ್ಲ ತಾನೇ? ಹಾಗಾದರೆ ನೆಟ್ಟಗೆ ಕೂತು ಮುಂದಿನದನ್ನು ಓದಿ.

ಮಾನ್ಯ ಅಡಾಪ್ಟರ್ ಮಹಾಶಯರೇ, ಶ್ರೀನಿವಾಸಪುರದ ಮಾವಿನಕಾಯಿ ಹೆಂಗಸರ ಸಂಘದ ಆದಿಲಕ್ಷ್ಮಮ್ಮ ಮಾಡುವ ಅನಂತ ನಮಸ್ಕಾರಗಳು. ತಾವು, ತಮ್ಮ ಚಪ್ಪಟೆ ಕಾಲುಗಳು, ಗುಂಡು ಕಾಲುಗಳು, ಒಳಗೆ ಮಡಚಿಟ್ಟುಕೊಂಡಿರುವ ಇನ್ನುಳಿದ ಕಾಲುಗಳು, ಹೊಟ್ಟೆಯ ಮೇಲಿನ ಕೆಂಪು ದೀಪ, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದ್ದರಿಂದ ಬರೆದಿದ್ದೇನೆ.

ಗಾಳಿಗೆ ಉದುರಿದ ಮಾವಿನಕಾಯಿಯನ್ನು ನಮ್ಮ ಮಂಡಿಯಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲವೆಂಬುದು ತಮಗೆ ತಿಳಿದಿರಲಿಕ್ಕಿಲ್ಲ. ಅದನ್ನು ಆಯ್ದು, ಹೋಳು ಮಾಡಿ, ಉಪ್ಪು ಹಚ್ಚಿ ಒಣಗಿಸಿ ಚಟ್ನಿ ಮಾಡುವುದೇ ನಮ್ಮ ಸಂಘದ ಕೆಲಸ. ಜಪಾನಿನ ಒಂದು ಬೆಟ್ಟದೂರಿನಲ್ಲಿಯೂ ಹೀಗೆ ಹುಳಿಕಾಯಿಗೆ ಉಪ್ಪು ಹಾಕುವ ಹೆಂಗಸರ ಸಂಘವಿದೆ. ಅವರು ತಮ್ಮೂರಿನ ಮೇಳಕ್ಕೆ ನಮ್ಮನ್ನು ಕರೆದು, “ಎಲ್ಲರೆದುರಿಗೆ ಚಟ್ನಿ ಅರೆದು ತಿನ್ನಿಸಿ, ರುಚಿ ಹಿಡಿಸಿದರೆ ನಮ್ಮ ಅಂಗಡಿಗೆ ವರ್ಷವರ್ಷವೂ ನಿಮ್ಮದೇ ಚಟ್ನಿ” ಎಂದರು. ಉದುರುಕಾಯಿಗೆ ಒಂದು ದಾರಿ ಕಾಣಿಸುವ ಮಾತು, ಬಿಡಲಾದೀತೇ? ನಾನು, ನನ್ನ ಜೊತೆಗಾತಿ ದೊಡ್ಡಗಂಗಮ್ಮ, ಇಂಗ್ಲಿಷ್ ಬಲ್ಲ ಮೊಮ್ಮಗಳು ಮೇಘನ, ಸೀರೆಗಳ ನಡುವೆ ಎಳೆಮಗುವಿನಂತೆ ಸುತ್ತಿಟ್ಟ ನಮ್ಮ ಮಿಕ್ಸಿ, ಇಷ್ಟು ಜನ ಹೊರಟೆವು.

ತಮ್ಮ ದರ್ಶನವಾದದ್ದು ಕೋಲಾರದ ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ. ಅಂಗಡಿಯವನು ತಮ್ಮನ್ನು ಅಂಗೈ ಮೇಲೆ ನಿಲ್ಲಿಸಿ, “ಅಮ್ಮಾ, ಇದೊಂದಿದ್ರೆ ನಿಮ್ ಮಿಕ್ಸಿ ಚಂದ್ರಲೋಕದಲ್ಲೂ ತಿರುಗುತ್ತೆ” ಎಂದು ಹೊಗಳಿದ. “ಪಿನ್ ಕೂತ್ಕೊಂಡ್ರೆ ಮುಗೀತಜ್ಜಿ, ಸುಮ್ನೆ ಬಾ” ಎಂದು ಮೇಘನ ನನ್ನ ಬಾಯಿ ಮುಚ್ಚಿಸಿದಳು.

ಮೇಳದ ಸಭಾಂಗಣದಲ್ಲಿ ಅವಳ ಮಾತಿನಂತೆ ಪಿನ್ನೇನೋ ಕೂತಿತು. ಜಪಾನಿನ ಗೋಡೆಯಲ್ಲಿ ನಮ್ಮ ಹಾಗೆ ಮೂರು ಗುಂಡು ತೂತುಗಳಿಲ್ಲ, ಬೆಕ್ಕು ಕಣ್ಣು ಮುಚ್ಚಿಕೊಂಡ ಹಾಗೆ ಎರಡು ಸೀಳು, ಅಷ್ಟೇ. ತಾವು ಅದಕ್ಕೆ ತಕ್ಕ ಕಾಲು ಚಾಚಿ, ಹುಟ್ಟಿದೂರಿಗೆ ಬಂದವರಂತೆ ಒಳಗೆ ಸೇರಿ, ಬೆನ್ನಿನಲ್ಲಿ ನಮ್ಮ ಪಿನ್ನುಗಳಿಗೆ ಜಾಗ ಕೊಟ್ಟ ಆ ವಿನಯವನ್ನು ಕಂಡು ನಾನು ಮನಸ್ಸಿನಲ್ಲೇ ತಮಗೆ ದೃಷ್ಟಿ ತೆಗೆದೆ. ಆಮೇಲೆ ಸ್ವಿಚ್ ಒತ್ತಿದೆ. ನಮ್ಮ ಮಿಕ್ಸಿ, ಊರಿನಲ್ಲಿ ತಿರುಗಿದರೆ ಪಕ್ಕದ ಮನೆಯ ನಾಯಿ ಓಡಿಹೋಗುವಂಥ ಮಿಕ್ಸಿ, ಜ್ವರ ಬಂದವರ ಹಾಗೆ ಗೊಂಯ್ ಎಂದು ನರಳಿ, ಹೋಳುಗಳನ್ನು ಅತ್ತ ಇತ್ತ ಸವರಿ ಸುಮ್ಮನಾಯಿತು.

ನನಗೆ ಗಾಬರಿಯಾಗಲಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಎಲ್ಲರೂ ಒಟ್ಟಿಗೆ ಬೋರ್‌ವೆಲ್ ಮೋಟಾರ್ ಹಾಕಿದಾಗ ಮನೆಯ ಬಲ್ಬು ಕೆಂಪಗಾಗಿ ಮಿಕ್ಸಿ ಹೀಗೆಯೇ ನರಳುವುದುಂಟು, ಮೋಟಾರ್ ನಿಂತರೆ ಸರಿಹೋಗುವುದೂ ಉಂಟು. “ಇಲ್ಲೂ ಯಾರೋ ತೋಟಕ್ಕೆ ನೀರು ಬಿಡ್ತಾವ್ರೆ ಕಣೇ, ನಿಲ್ಸೋವರ್ಗೂ ಕೂತ್ಕೋ” ಎಂದು ದೊಡ್ಡಗಂಗಮ್ಮನಿಗೆ ಹೇಳಿ ನಾನೂ ಕೂತೆ. ನಮ್ಮನ್ನು ಕರೆಸಿದ ಫುಮಿಕೊ ಎಂಬಾಕೆ ಬಂದು ಯಾಕೆ ಕೂತಿರಿ ಎಂದರು. ಕರೆಂಟು ಸಾಲದು, ಯಾರಾದರೂ ಏನಾದರೂ ಆಫ್ ಮಾಡಬೇಕು ಎಂದು ಮೇಘನ ಫೋನಿನಲ್ಲಿ ಅವರ ಭಾಷೆಗೆ ಮಾಡಿ ಕೇಳಿಸಿದಳು.

ಮಹಾಶಯರೇ, ಆ ಊರಿನವರ ಮರ್ಯಾದೆಯನ್ನು ಏನೆಂದು ಬರೆಯಲಿ! ಫುಮಿಕೊ ಸೊಂಟದವರೆಗೂ ಬಾಗಿ ತಮ್ಮ ಟೀ ಕೆಟಲ್ ಆಫ್ ಮಾಡಿದರು. ಅದನ್ನು ಕಂಡು ಪಕ್ಕದವರು ಅನ್ನದ ಕುಕ್ಕರ್ ಆಫ್ ಮಾಡಿ ನನಗೆ ಬಾಗಿದರು, ಎದುರಿನವರು ಫ್ರಿಜ್ ನಿಲ್ಲಿಸಿ ಬಾಗಿದರು, ಮೈಕಿನವನು ಹಾಡು ನಿಲ್ಲಿಸಿ ಬಾಗಿದ, ಕೊನೆಗೆ ಯಾರೋ ಮಹಾನುಭಾವರು ಸಭಾಂಗಣದ ದೀಪಗಳನ್ನೆಲ್ಲ ಆರಿಸಿ ಕತ್ತಲಲ್ಲೇ ಬಾಗಿದರು. ಇಡೀ ಮೇಳ ಉಸಿರು ಬಿಗಿಹಿಡಿದು ನಿಂತಿರುವಾಗ ನಾನು ಮತ್ತೆ ಸ್ವಿಚ್ ಒತ್ತಿದೆ. ಗೊಂಯ್. ಕೋಪ ಬಂದರೆ ತೆಲುಗಿಗೆ ಇಳಿಯುವ ದೊಡ್ಡಗಂಗಮ್ಮ, “ಏಮೇ ಇದಿ! ಊರೂರೇ ಆಫ್ ಮಾಡಿಸ್ದೆ, ಇನ್ನು ಸೂರ್ಯನ್ನೊಬ್ಬನ್ನ ಆಫ್ ಮಾಡ್ಸು” ಎಂದು ನನ್ನನ್ನೇ ಬೈದಳು.

ಆಗ ಮೇಘನ ಟಾರ್ಚು ಹಾಕಿ ಮಿಕ್ಸಿಯನ್ನು ಮಗುಚಿ ನೋಡಿದಳು. ಅದಕ್ಕೆ ಬೇಕಾದದ್ದು ಇನ್ನೂರ ಮೂವತ್ತು ವೋಲ್ಟು, ಜಪಾನಿನ ಗೋಡೆ ಕೊಡುವುದು ಬರೀ ನೂರು. ತಾವು ಪಿನ್ನಿಗೆ ಪಿನ್ನು ಸೇರಿಸುವವರೇ ಹೊರತು ವೋಲ್ಟೇಜ್ ಏರಿಸುವವರಲ್ಲ, ಅದಕ್ಕೆ ರುಬ್ಬುಗುಂಡಿನಷ್ಟು ಭಾರದ ಕನ್ವರ್ಟರ್ ಎಂಬ ಹಿರಿಯರು ಬೇರೆ ಇದ್ದಾರಂತೆ. ನಮ್ಮ ಮಂಡಿಯಲ್ಲಿ ದಲ್ಲಾಳಿ ಟವೆಲ್ಲಿನ ಕೆಳಗೆ ಕೊಳ್ಳುವವನ ಬೆರಳು, ಮಾರುವವನ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾನೆ, ಆದರೆ ಎರಡು ಕಡೆಯ ಲೆಕ್ಕ ಕೂಡದಿದ್ದರೆ ಕೈ ಕೊಡವಿ ಎದ್ದುಬಿಡುತ್ತಾನೆ. ತಾವು ಅವನಿಗಿಂತ ಎಷ್ಟು ದೊಡ್ಡವರು! ಗೋಡೆ ನೂರು ಎನ್ನುತ್ತಿದೆ, ಮಿಕ್ಸಿ ಇನ್ನೂರ ಮೂವತ್ತು ಎನ್ನುತ್ತಿದೆ, ತಾವು ನಡುವೆ ಕೂತು ಕೆಂಪು ದೀಪ ಹಚ್ಚಿಕೊಂಡು ನಗುತ್ತಿದ್ದೀರಿ. ಇಂಥ ಸಮಚಿತ್ತ ಮಠಾಧಿಪತಿಗಳಿಗೂ ಬರಲಾರದು.

ಫುಮಿಕೊ ಮನೆಗೆ ಓಡಿ, ಒಳಮೈಗೆಲ್ಲ ಗೆರೆ ಕೊರೆದ ಮಣ್ಣಿನ ಬೋಗುಣಿಯನ್ನೂ ಮರದ ಗುಂಡನ್ನೂ ತಂದರು. ದೊಡ್ಡಗಂಗಮ್ಮ ಬೋಗುಣಿಯನ್ನು ಕಾಲಿನ ನಡುವೆ ಇಟ್ಟುಕೊಂಡು ಅರೆದಳು, ನಾನು ಅರೆದೆ, ಆಮೇಲೆ ಮೇಳದ ಹೆಂಗಸರೆಲ್ಲ ಸರದಿಯಲ್ಲಿ ನಿಂತು, ನಗುತ್ತಾ, ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು ಅರೆದರು. ತಿಂದರು, ಕಣ್ಣಲ್ಲಿ ನೀರು ಸುರಿಸಿದರು, ಮತ್ತೆ ಕೈ ಚಾಚಿದರು. ವ್ಯಾಪಾರ ಕುದುರಿತು! ಉದುರುಕಾಯಿಗೆ ದಾರಿಯಾಯಿತು!

ಆದರೆ ಕರಾರು ಒಂದೇ: ಆ ದಿನ ತಿಂದಂಥದ್ದೇ ಬೇಕು, ಕೈಯಲ್ಲಿ ಅರೆದದ್ದೇ ಬೇಕು. ಈಗ ಸಂಘದ ಮಿಕ್ಸಿಗಳೆಲ್ಲ ಸಾಲಾಗಿ ಅಟ್ಟದ ಮೇಲೆ ಕೂತಿವೆ, ಹೆಂಗಸರು ಒರಳಿನ ಮುಂದೆ ಕೂತು ಗುಂಡಿನ ಒಂದೊಂದು ಸುತ್ತಿಗೂ ಒಂದೊಂದು ಸಾರಿ ನನ್ನ ಹೆಸರು ಹೇಳುತ್ತಿದ್ದಾರೆ, ಅದು ಆಶೀರ್ವಾದವಲ್ಲ. ಆದ್ದರಿಂದ ತಾವು ದಯಮಾಡಿ ತಮ್ಮ ಬಂಧುಬಳಗದೊಡನೆ ಬಂದು, ಒಂದು ತುದಿಯನ್ನು ಗೋಡೆಗೂ ಇನ್ನೊಂದು ತುದಿಯನ್ನು ನಮ್ಮ ರಟ್ಟೆಗಳಿಗೂ ಸೇರಿಸಿ, ಇನ್ನೂರ ಮೂವತ್ತಾದರೂ ಸರಿಯೇ, ನೂರಾದರೂ ಸರಿಯೇ, ಒಂದಿಷ್ಟು ಕರೆಂಟು ಹರಿಸಿಕೊಡಬೇಕು. ಆಗದಿದ್ದರೆ ಸೆರಗು ಸಿಕ್ಕಿಸಿಕೊಂಡು ಒಂದು ಒರಳಿಗೆ ಕೂರಬೇಕು, ತಮಗೆ ಕಾಲುಗಳಿಗೇನೂ ಕೊರತೆಯಿಲ್ಲ. ಬರುವ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆಯತಕ್ಕದ್ದು, ಇದು ಕೋರಿಕೆಯಲ್ಲ, ಅಪ್ಪಣೆ.

ಇಷ್ಟಾದರೂ ತಮ್ಮನ್ನು ಕಸಕ್ಕೆ ಎಸೆಯದ ತಮ್ಮ ವಿಶ್ವಾಸಿ,
ಆದಿಲಕ್ಷ್ಮಮ್ಮ

ತಾ.ಕ.: ಉತ್ತರವನ್ನು ಡಬ್ಬಿಗೆ ಹೇಗೆ ಹಾಕಲಿ ಎಂದು ನೆಪ ಹೇಳಬೇಡಿ. ಕಂಡ ಕಂಡ ದೇಶದ ಗೋಡೆಗೆ ನುಗ್ಗುವ ತಮಗೆ ಶ್ರೀನಿವಾಸಪುರದ ಅಂಚೆಡಬ್ಬಿಯ ಬಾಯಿ ಯಾವ ಲೆಕ್ಕ? ಡಬ್ಬಿಯೊಳಗೆ ಕೈ ಹಾಕಿದ ಮೇಲೆ ಕೆಲಸವನ್ನೂ ಮಾಡುವವರು ಅಂಚೆಯವರು, ಅವರನ್ನು ನೋಡಿ ಕಲಿತುಕೊಳ್ಳಿ.