ಆರೂವರೆಯ ರಿಂಗು

ಮಾತಿನ ತಾಯಿ ಶಾರದಾಂಬೆಗೆ ಮೊದಲ ನಮಸ್ಕಾರ. ಊರಿಗೆಲ್ಲ ಮಾತು ಕೊಟ್ಟ ಅಮ್ಮ, ನಮ್ಮ ನಾಲ್ವರಿಗೆ ಮಾತ್ರ ಕಿವಿ ಕೊಟ್ಟು ಬಾಯಿಗೆ ಬೀಗ ಹಾಕಿ ಕಳಿಸಿದಳು. ಆ ಕಿವಿಯಿಂದಲೇ ಹೊಟ್ಟೆ ತುಂಬಿತು, ಮಕ್ಕಳು ಓದಿದರು. ಅವಳ ಮುಂದೆ ದೂರು ಹೇಳಲು ನನ್ನ ಹತ್ತಿರ ಏನೂ ಇಲ್ಲ.

ನಾವು ಸೈನ್ಯದ ಸಿಗ್ನಲ್ಸ್‌ನಲ್ಲಿದ್ದವರು. ಹೆಡ್‌ಫೋನ್ ಹಾಕಿಕೊಂಡು ಗಡಿಯಾಚೆಯವರ ರೇಡಿಯೋ ಕೇಳಿ ಬರೆದುಕೊಳ್ಳುವುದು ಕೆಲಸ. ಎಲ್ಲಿ ಕೂತು ಕೇಳಿದೆವು, ಏನು ಕೇಳಿದೆವು ಎಂಬುದನ್ನು ಇಲ್ಲೂ ಬರೆಯುವುದಿಲ್ಲ. ಈಗ ನಾನು ಕೊಪ್ಪದಲ್ಲಿದ್ದೇನೆ. ಒಬ್ಬ ಗೆಳೆಯ ಸೀತೂರಿನಲ್ಲಿ ಗದ್ದೆ ಮಾಡಿಸುತ್ತಾನೆ. ಇನ್ನೊಬ್ಬ, ನಾವೆಲ್ಲ ಭಾಯಿ ಅನ್ನುವವನು, ಎನ್.ಆರ್. ಪುರದಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ನಮಗೆಲ್ಲ ಕೆಲಸ ಕಲಿಸಿದ ಸುಬೇದಾರರು ಅಡ್ಡಗದ್ದೆಯಲ್ಲಿದ್ದಾರೆ, ಎಂಬತ್ತು ದಾಟಿದೆ. ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯಲಿ ಎಂದು ನಾವು ಏನು ಉಪಾಯ ಮಾಡಿದರೂ ಒಂದು ಎಡವಟ್ಟು ಆಗಿಯೇ ಆಗುತ್ತದೆ. ದೇವರ ದಯೆ, ಈವರೆಗೆ ಎಲ್ಲವೂ ನಗುವಂಥವೇ.

ಮಾತಿಲ್ಲದ ಗುಂಪು

ಮೊದಲು ಭಾಯಿ ಒಂದು ವಾಟ್ಸಾಪ್ ಗುಂಪು ಮಾಡಿದ. ಸುಬೇದಾರರಿಗೆ ತಾನೇ ಹೊಸ ಫೋನ್ ತಂದು, ಬೇಕಾದ್ದೆಲ್ಲ ಹಾಕಿ ಕೊಟ್ಟ. ಇಪ್ಪತ್ತು ದಿನವಾದರೂ ಗುಂಪಿನಲ್ಲಿ ಒಂದು ಅಕ್ಷರ ಇಲ್ಲ. ನಾವು ಜೀವಮಾನವೆಲ್ಲ ಕೇಳಿದವರು. ನಮ್ಮ ಕಡೆಯಿಂದ ಒಂದು ಸದ್ದು ಹೋಗಬಾರದು ಎಂಬುದೇ ನಮಗೆ ಕಲಿಸಿದ ಮೊದಲ ಪಾಠ. ಕಡೆಗೆ ಭಾಯಿಯೇ ತಾಳಲಾರದೆ "ಎಲ್ಲರೂ ಆರಾಮಾ?" ಎಂದು ಬರೆದ. ಮೂವರೂ ಓದಿದೆವು. ನೀಲಿ ಗೀಟು ಬಿತ್ತು. ಅಲ್ಲಿಗೆ ಮುಗಿಯಿತು.

ಮುಂದಿನ ವಾರ ಕೊಪ್ಪದ ಹೋಟೆಲಿನಲ್ಲಿ ಸಿಕ್ಕಾಗ ಭಾಯಿ ಮುಖ ಊದಿಸಿಕೊಂಡಿದ್ದ. ಸೀತೂರಿನವನು ಸಮಾಧಾನ ಮಾಡುವವನಂತೆ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ತೋರಿಸಿದ. ಭಾಯಿಯ ಮಾತು, ಬಂದ ತಾರೀಖು, ಗಂಟೆ, ನಿಮಿಷ, ಎಲ್ಲ ದುಂಡಗೆ ಬರೆದಿತ್ತು.

"ಇಷ್ಟು ಬರೆದುಕೊಂಡವನು ಒಂದು ಉತ್ತರ ಕೊಡ್ಬಾರ್ದಿತ್ತಾ?" ಅಂದ ಭಾಯಿ.

"ಉತ್ತರ ಕೊಡೋದು ನಮ್ಮ ಡ್ಯೂಟಿ ಅಲ್ಲ ಮಾರಾಯ" ಅಂದ ಇವನು.

ರಿಂಗು

ವಿಷಯ ಸುಬೇದಾರರಿಗೆ ಹೋಯಿತು. ಅವರು ಒಂದು ಪದ್ಧತಿ ಮಾಡಿದರು. ಬೆಳಿಗ್ಗೆ ಆರೂವರೆಗೆ ನಾನು ದೇವರಿಗೆ ಮಂಗಳಾರತಿ ಮಾಡಿ ಭಾಯಿಗೆ ಎರಡು ರಿಂಗು ಕೊಟ್ಟು ಕಟ್ ಮಾಡಬೇಕು. ಭಾಯಿ ನಮಾಜು ಮುಗಿಸಿ ಕಾದಿರುತ್ತಾನೆ; ಅವನು ಸೀತೂರಿಗೆ ಕೊಡಬೇಕು. ಸೀತೂರಿನವನು ಅಡ್ಡಗದ್ದೆಗೆ, ಅಡ್ಡಗದ್ದೆಯಿಂದ ಸುಬೇದಾರರು ನನಗೆ. ಫೋನ್ ಎತ್ತುವಂತಿಲ್ಲ, ಮಾತಾಡುವಂತಿಲ್ಲ. ರಿಂಗು ತಿರುಗಿ ನನಗೆ ಬಂದರೆ ನಾಲ್ವರೂ ಇದ್ದೇವೆ ಎಂದರ್ಥ. ಆಗ ನಾನು ಗುಂಪಿನಲ್ಲಿ ಒಂದು ಚುಕ್ಕಿ ಇಡುತ್ತೇನೆ. ಅದು ನಮ್ಮ ಇಡೀ ದಿನದ ಮಾತು.

ಚುಕ್ಕಿ ಇಡದೆ ನಾನು ಕಾಫಿ ಮುಟ್ಟುವುದಿಲ್ಲ. ನಾನು ಕುಡಿಯದೆ ನನ್ನವಳು ಕುಡಿಯುವುದಿಲ್ಲ. ನಮ್ಮ ದೇವರ ಕೋಣೆಯಲ್ಲಿ ಸುಬೇದಾರರ ಆಯುಸ್ಸಿಗಾಗಿ ನನಗಿಂತ ಜೋರಾಗಿ ಬೇಡಿಕೊಳ್ಳುವವಳು ಅವಳೇ. ಭಕ್ತಿ ಮೆಚ್ಚಿ ಒಂದು ದಿನ ಹೊಗಳಿದೆ.

"ಭಕ್ತಿಯೂ ಹೌದು. ಕಾಫಿ ಆರುತ್ತಲ್ಲ, ಅದೂ ಹೌದು" ಅಂದಳು.

ಚಳಿಯ ಭಾಷಣ

ಒಂದು ಧ್ವಜಾರೋಹಣಕ್ಕೆ ಶಾಲೆಯವರು ಬಂದು, ಸೈನ್ಯದ ಅನುಭವ ಮಕ್ಕಳಿಗೆ ಹೇಳಬೇಕು ಎಂದು ಕರೆದರು. ನಾನು ಸುಬೇದಾರರ ಅಪ್ಪಣೆ ಕೇಳಲು ಅಡ್ಡಗದ್ದೆಗೇ ಹೋದೆ. ಅವರ ಕಿವಿ ಆಗಲೇ ಮಂದವಾಗಿತ್ತು, ಒಪ್ಪಿಕೊಳ್ಳುವವರಲ್ಲ. ಮೂರು ಸಲ ಕೂಗಿ ಹೇಳಿದ ಮೇಲೆ ಬಹಳ ಹೊತ್ತು ಯೋಚಿಸಿದರು. ಕಡೆಗೆ, "ಚಳಿ ಇತ್ತು ಅಂತ ಹೇಳಬಹುದು. ಅದಕ್ಕಿಂತ ಹೆಚ್ಚು ಬೇಡ" ಅಂದರು.

ಅಪ್ಪಣೆ ಮೀರಲಿಲ್ಲ. ಇಪ್ಪತ್ತು ನಿಮಿಷ ಚಳಿಯ ಬಗ್ಗೆ ಮಾತಾಡಿದೆ. ಬೆರಳು ಸೆಟೆಯುವ ಚಳಿ, ಶಾಯಿ ಗಟ್ಟಿಯಾಗುವ ಚಳಿ, ಗಾಳಿ ಬಂದರೆ ಒಂದು ಬಗೆ, ಬಾರದಿದ್ದರೆ ಇನ್ನೊಂದು ಬಗೆ. ಮಕ್ಕಳು ಚಪ್ಪಾಳೆ ತಟ್ಟಿದರು. ಮುಖ್ಯೋಪಾಧ್ಯಾಯರು ವಂದನಾರ್ಪಣೆಗೆ ಎದ್ದು, ಹವಾಮಾನ ಇಲಾಖೆಯಲ್ಲಿ ಇಷ್ಟು ಕಷ್ಟ ಇದೆ ಎಂದು ತಮಗೆ ಗೊತ್ತೇ ಇರಲಿಲ್ಲ ಅಂದರು.

ಮೂರು ಸೀಟು, ಒಂದೇ ಊರು

ಮೊನ್ನೆ ಒಂದು ಬೆಳಿಗ್ಗೆ ರಿಂಗು ಬರಲಿಲ್ಲ.

ಆರು ನಲವತ್ತಾಯಿತು, ಏಳಾಯಿತು. ಸೀತೂರಿನವರೆಗೆ ಬಂದಿದೆ ಎಂದು ವಿಚಾರಿಸಿ ತಿಳಿದುಕೊಂಡೆ. ಸುಬೇದಾರರಿಗೆ ನಾನೇ ಮೂರು ಸಲ ಮಾಡಿದೆ. ರಿಂಗು ಪೂರ್ತಿ ಆಗುತ್ತದೆ, ಎತ್ತುವವರಿಲ್ಲ. ಅವರ ಮನೆಯಲ್ಲಿ ಇರುವುದು ಅದೊಂದೇ ಫೋನು. ಆ ದಿನ ಚುಕ್ಕಿ ಇಡಲಿಲ್ಲ. ಕಾಫಿ ಹಾಗೇ ಉಳಿಯಿತು. ನನ್ನವಳು ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಹೋಗಿ ಬನ್ನಿ ಎಂದಳು. ಈ ಸಲ ಕಾಫಿಯ ಮಾತು ಎತ್ತಲಿಲ್ಲ.

ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಶೃಂಗೇರಿ ಬಸ್ಸು ನಿಂತಿತ್ತು. ಹತ್ತಿದರೆ ಭಾಯಿ ಕೂತಿದ್ದಾನೆ. ಎಲ್ಲಿಗೆ ಎಂದರೆ, ಗಿರಾಕಿಗೆ ವೈರು ಕೊಡಲು ಅಂದ. ಕೈಯಲ್ಲಿ ವೈರು ಇರಲಿಲ್ಲ. ನಾನು ಅಮ್ಮನವರ ದರ್ಶನಕ್ಕೆ ಅಂದೆ. ತಾಯಿ ಕ್ಷಮಿಸಲಿ, ಮಾರನೆಯ ವಾರ ಹೋಗಿ ತಪ್ಪುಕಾಣಿಕೆ ಹಾಕಿ ಬಂದೆ. ಅಷ್ಟರಲ್ಲಿ ಸೀತೂರಿನವನು ಎಡಗೆನ್ನೆ ಹಿಡಿದುಕೊಂಡು ಹತ್ತಿದ. ಹಲ್ಲುನೋವಂತೆ, ಶೃಂಗೇರಿಯ ಡಾಕ್ಟರಿಗೆ ತೋರಿಸಬೇಕಂತೆ. ಬಸ್ಸು ಹೊರಡುವಾಗ ಬಲಗೆನ್ನೆ ಹಿಡಿದುಕೊಂಡಿದ್ದ.

ಎದೆಯೊಳಗಿನ ಹೆದರಿಕೆಯನ್ನು ಬಾಯಿಬಿಟ್ಟು ಹೇಳಲು ಮೂವರಿಗೂ ಧೈರ್ಯವಿಲ್ಲ. ಮೂರು ಬೇರೆ ಸೀಟಿನಲ್ಲಿ, ಮೂರು ಬೇರೆ ಕಿಟಕಿಯ ಕಡೆ ಮುಖ ಮಾಡಿ ಕೂತೆವು. ಕಂಡಕ್ಟರ್ ಬಂದಾಗ ಒಬ್ಬೊಬ್ಬರೂ ಅವನ ಕಿವಿಯ ಹತ್ತಿರ ಬಗ್ಗಿ ಊರು ಹೇಳಿದೆವು. ಮೂರನೆಯವನದು ಕೇಳಿದ್ದೇ ಅವನು ಬಸ್ಸಿಗೆಲ್ಲ ಕೇಳುವಂತೆ, "ಎಂತ ಗುಟ್ಟು ಮಾರಾಯ್ರೇ, ಮೂರೂ ಅಡ್ಡಗದ್ದೆಯೇ. ಒಂದೇ ಟಿಕೆಟ್ ಹರೀತೇನೆ, ಒಟ್ಟಿಗೆ ಇಳೀರಿ" ಅಂದ.

ಸುಪ್ರಭಾತ

ಅಡ್ಡಗದ್ದೆಯಲ್ಲಿ ಇಳಿದು ಯಾರೂ ಯಾರ ಮುಖವನ್ನೂ ನೋಡದೆ ನಡೆದೆವು. ಸುಬೇದಾರರು ಜಗಲಿಯ ಕುರ್ಚಿಯಲ್ಲಿದ್ದರು. ಕಣ್ಣು ಮುಚ್ಚಿತ್ತು, ಕೈ ಮುಗಿದಿತ್ತು, ಅಲುಗಾಟವಿಲ್ಲ. ಬೇಲಿಯ ದಣಪೆ ದಾಟುವಲ್ಲೇ ನನ್ನ ಕಾಲು ನಿಂತುಹೋಯಿತು. ಭಾಯಿ, ಏನು ಮಾಡುತ್ತಿದ್ದೇನೆ ಎಂಬ ಅರಿವೂ ಇಲ್ಲದೆ, ಮತ್ತೊಮ್ಮೆ ಅವರ ನಂಬರು ಒತ್ತಿದ.

ಸುಬೇದಾರರ ಜೇಬಿನಿಂದ ಸುಪ್ರಭಾತ ಶುರುವಾಯಿತು. ಅವರು ಕಣ್ಣು ತೆರೆಯಲಿಲ್ಲ. ಮುಗಿದ ಕೈಯನ್ನು ಹಣೆಯವರೆಗೆ ಎತ್ತಿ ತಲೆದೂಗಿದರು.

ಒಳಗಿಂದ ಅವರ ಮನೆಯವರು ಬಂದು ಮೆಲ್ಲಗೆ ಹೇಳಿದರು. ಹಿಂದಿನ ದಿನ ಮಗಳು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಕಿವಿಗೆ ಮಿಷನ್ ಹಾಕಿಸಿದ್ದಾಳೆ. "ಬೆಳಿಗ್ಗೆಯಿಂದ ಇದು ಹನ್ನೊಂದನೇ ಸಲ. ಯಾವುದೋ ದೇವಸ್ಥಾನದ ಮೈಕು, ಪುಣ್ಯಾತ್ಮರು ಬಿಡದೆ ಹಾಕ್ತಿದ್ದಾರೆ ಅಂತಾರೆ."

"ಅದು ಫೋನು ಅಂತ ನೀವು ಹೇಳ್ಲಿಲ್ವಾ ಅಕ್ಕ?" ಅಂದೆ.

"ಎರಡು ವರ್ಷ ಆದ ಮೇಲೆ ಕಿವಿಗೆ ದೇವರ ಹೆಸರು ಬಿದ್ದಿದೆ. ಹೇಗೆ ಹೇಳ್ಲಿ? ನೀವು ಕಾಯ್ತಿರ್ತೀರಿ ಅಂತ ನಂಗೆ ಗೊತ್ತಿದ್ರೆ ತಾನೆ."

ಆರೂವರೆಯ ಗುಟ್ಟನ್ನು ಸುಬೇದಾರರು ಹೆಂಡತಿಗೂ ಹೇಳಿರಲಿಲ್ಲ. ರೇಡಿಯೋದ ಗರಗರ ಸದ್ದಿನಲ್ಲೇ ಗಡಿಯಾಚೆ ಕೂತವನಿಗೆ ನೆಗಡಿಯಾಗಿದೆ ಎಂದು ಹೇಳುತ್ತಿದ್ದವರು, ತಮ್ಮ ಜೇಬಿನ ಫೋನಿಗೆ ಹನ್ನೊಂದು ಸಲ ಕೈಮುಗಿದಿದ್ದರು.

ಭಾಯಿ ಕಣ್ಣೊರೆಸಿಕೊಂಡು ಅವರ ಕಾಲ ಬಳಿ ಕೂತ. "ಆ ಸುಪ್ರಭಾತ ನಾನೇ ಹಾಕಿದ್ದು ಸಾಬ್. ಬೆಳಿಗ್ಗೆ ಎದ್ದು ನೀವು ದೇವರ ಹೆಸರು ಕೇಳ್ಲಿ ಅಂತ."

ಸುಬೇದಾರರು ಕಣ್ಣು ಬಿಟ್ಟು ಫೋನ್ ತೆಗೆದು ನೋಡಿದರು. ನಮ್ಮನ್ನು ನೋಡಿದರು. ಆಮೇಲೆ ನಿಜ ಹೇಳಿದರು. ಎರಡು ವರ್ಷದಿಂದ ನಮ್ಮ ಒಂದು ರಿಂಗೂ ಅವರಿಗೆ ಕೇಳಿಸಿರಲಿಲ್ಲ. ಆರೂವರೆಗೆ ಫೋನನ್ನು ಎದುರಿಗಿಟ್ಟುಕೊಂಡು, ಅದರ ಬೆಳಕು ಹತ್ತುವುದನ್ನು ಕಾದು, ನನಗೆ ತಿರುಗಿ ಕೊಡುತ್ತಿದ್ದರು. ಕಿವಿ ಬಂತಲ್ಲ, ಇನ್ನು ಬೆಳಕು ಕಾಯುವುದೇಕೆ ಎಂದು ಆ ದಿನವೇ ಮೊದಲ ಸಲ ಜೇಬಿಗೆ ಹಾಕಿದ್ದು.

"ನೀವು ಮೂರೂ ಜನ ಇದ್ದೀರಿ ಅಂತ ತಿಳಿಯೋಕೆ ನಂಗೆ ಇದ್ದಿದ್ದು ಅದೊಂದೇ ದಾರಿ ಕಣ್ರೋ" ಅಂದರು. ನಾವು ಅವರನ್ನು ಕಾಯುತ್ತಿದ್ದೇವೆ ಎಂದುಕೊಂಡಿದ್ದೆವು. ಅವರು ನಮ್ಮನ್ನು ಕಾಯುತ್ತಿದ್ದರು. ನಾನು ಮನಸ್ಸಿನಲ್ಲೇ ಅಮ್ಮನವರಿಗೆ ಅಡ್ಡಬಿದ್ದೆ.

ಅಕ್ಕ ಕಾಫಿ ತಂದರು. ಎರಡು ಗುಟುಕು ಕುಡಿದು ಸುಬೇದಾರರು ತಟ್ಟನೆ ಲೋಟ ಕೆಳಗಿಟ್ಟು ಕೇಳಿದರು.

"ಹೇಗೆ ಬಂದ್ರಿ?"

"ಬಸ್ಸಲ್ಲಿ."

"ಮೂರೂ ಜನ ಒಂದೇ ಬಸ್ಸಲ್ಲಿ?"

ಗುಟ್ಟಿನ ಕೆಲಸದವರು ಒಟ್ಟಿಗೆ ಪ್ರಯಾಣ ಮಾಡಬಾರದು ಎಂಬುದು ಅವರ ಎರಡನೇ ಪಾಠ. ನಲವತ್ತು ವರ್ಷ ಹಿಂದಿನ ಮುಖ ಅವರ ಮುಖದ ಮೇಲೆ ಬಂತು. "ನಾನು ಕಲಿಸಿದ್ದು ಇದೇನಾ?" ಅಂದರು.

ವಾಪಸು ಬರುವಾಗ ಮೂವರನ್ನೂ ಮೂರು ಬಸ್ಸಿಗೆ ಹತ್ತಿಸಿದರು. ಸೀತೂರಿನವನಿಗೆ ಸಂಜೆಯ ಬಸ್ಸು ಸಿಕ್ಕಿತು. ಅಲ್ಲಿಯವರೆಗೆ ಅಕ್ಕ ಚಕ್ಕುಲಿ ಕೊಡಲು ಬಂದಾಗಲೆಲ್ಲ, ಹಲ್ಲುನೋವಿನವನಿಗೆ ಕೊಡಬೇಡ ಎಂದು ಸುಬೇದಾರರು ತಡೆದರಂತೆ. ಭಾಯಿ ಹೊರಡುವ ಮುಂಚೆ ಅವರಿಗೆ ಹಲ್ಲುನೋವಿನ ವರದಿ ಒಪ್ಪಿಸಿ ಹೋಗಿದ್ದ.

ಮಾರನೆಯ ಬೆಳಿಗ್ಗೆ ಆರು ಮೂವತ್ತಮೂರಕ್ಕೆ ರಿಂಗು ಬಂತು. ಚುಕ್ಕಿ ಇಟ್ಟೆ. ಕಾಫಿ ಬಿಸಿಯಾಗಿತ್ತು.

ಇದನ್ನು ಕಿವಿಗೊಟ್ಟು ಕೇಳಿದ ತಾಯಂದಿರೇ, ಅಣ್ಣಂದಿರೇ, ನಿಮ್ಮ ಕಿವಿ ಚೆನ್ನಾಗಿರಲಿ. ದಿನ ಬೆಳಗಾದರೆ ನಿಮ್ಮನ್ನು ನೆನೆದು ಎರಡು ರಿಂಗು ಕೊಡುವವರು ಒಬ್ಬರಾದರೂ ಇರಲಿ. ತಿರುಗಿ ಕೊಡುವ ಶಕ್ತಿಯನ್ನು ಆ ತಾಯಿ ನಿಮ್ಮ ಕೈಗೆ ಕೊಡಲಿ.