ಕುರ್ಚಿ ಹೆಣ್ಣು, ಮೆಣಸಿನಕಾಯಿ ಗಂಡು

ಮನ್ಯಾಗ ಒಬ್ಬರು ಹೋದಮ್ಯಾಲೆ ನಗಬಾರದು ಅಂತಾರ. ನಾವೇನು ನಗಾಕ ಕುಂತಿರಲಿಲ್ಲ. ನಗೀನ ತಾನಾಗಿ ಬಂದು ಬಾಗಲಾ ಬಡೀತಿತ್ತು.

೧. ಚೀಟಿ

ನಾನು ಗದಗಿನ ಮೆಣಸಿನಕಾಯಿ ಅಂಗಡ್ಯಾಗ ಹಮಾಲ. ಸಾವಕಾರ್ರು ಸ್ಪೇನಿಗೆ ಮಾಲು ಕಳಸ್ತಾರ. ಅಲ್ಲಿಯವರ ಕೂಡ ಫೋನಿನ್ಯಾಗ ಮಾತಾಡಾಕ ಒಬ್ಬರು ಬೇಕಾಗಿತ್ತು. ಸ್ಪ್ಯಾನಿಷ್ ಪರೀಕ್ಷಾ ಪಾಸಾದ್ರ ಆ ಕೆಲಸ ನನ್ನ ಮಗಳಿಗೆ. ಅವರವ್ವ ಸತ್ತಮ್ಯಾಲೆ ಹುಡುಗಿ ಪುಸ್ತಕ ಮುಚ್ಚಿಟ್ಟಿದ್ಲು. "ತಗಿಯವಾ, ನಾ ಕೇಳ್ತೀನಿ" ಅಂದೆ.

ಸಾಮಾನಿಗೆಲ್ಲಾ ಚೀಟಿ ಅಂಟಿಸಿದ್ಲು. ಕೆಂಪು ಹೆಣ್ಣು, ನೀಲಿ ಗಂಡು.

"ಅಪ್ಪಾ, ಆ ಭಾಷಾದಾಗ ಹೆಸರಿನ ಮುಂದ ಹೆಣ್ಣಾದ್ರ 'ಲಾ', ಗಂಡಾದ್ರ 'ಎಲ್' ಹಚ್ಚಬೇಕು. ಕುರ್ಚಿ ಹೆಣ್ಣು."

"ಯಾರು ನೋಡಿ ಬಂದಾರವಾ?"

"ಹಂಗ ಐತಿ. ಮೆಣಸಿನಕಾಯಿ ಗಂಡು."

ಇಷ್ಟು ವರ್ಷ ಬೆನ್ನಮ್ಯಾಲೆ ಹೊತ್ತೀನಿ. ಗಂಡಸಾದ್ರ ನಡಕೋತ ಬರಬಹುದಿತ್ತಲ್ಲ!

೨. ಅಕ್ಕ

ಮುಂಡರಗಿಯಿಂದ ನಮ್ಮಕ್ಕ ಮಾತಾಡಿಸಾಕ ಬಂದ್ಲು. ನಾ ಕೆಲಸ ಮುಗಿಸಿ ಬೆಟಗೇರಿ ಮನಿಗೆ ಬಂದು ನೋಡಿದ್ರ ಕುರ್ಚಿ, ಟೇಬಲ್, ಕಸಬರಗಿ ಎಲ್ಲಾ ಆಟೋದಾಗ.

"ಇದೇನಬೇ ಅಕ್ಕಾ?"

"ಸತ್ತಾಕಿ ಸಾಮಾನು ಹಂಚಾಕ ಚೀಟಿ ಹಚ್ಚೀರಿ ಅಲ್ಲೇನೋ? ಕೆಂಪು ಹೆಣ್ಣಿಂದು ಅಂತ ಹೇಳಿ ನಿನ್ನ ಮಗಳು ನೀರಿಗೆ ಹೋದ್ಲು. ನಾ ಹೆಣ್ಣಲ್ಲೇನು?"

ಬಾಗಲಕ್ಕೂ ಕೆಂಪು ಚೀಟಿ ಇತ್ತು. ಅದೊಂದು ಉಳಿದಿತ್ತು. ಆಟೋದಾಗ ಹಿಡಿಸಲಿಲ್ಲಂತ.

೩. ಹೆಸರು

ಪರೀಕ್ಷಾ ದಿನ. ಫೋನಿನ್ಯಾಗ ಸ್ಪೇನಿನ ಟೀಚರಮ್ಮ. ಬಾಗಲದಾಗ ಅಕ್ಕ, ಓಣಿ ಹೆಣ್ಣಮಕ್ಕಳು. ಅಪ್ಪನ ಹೆಸರು, ಅವ್ವನ ಹೆಸರು ಕೇಳ್ತಾರಂತ ಮಗಳು ಮೊದಲ ಹೇಳಿದ್ಲು. ನನ್ನ ಹೆಸರು ಸಲೀಸ ಹೇಳಿದ್ಲು. ಅವ್ವನ ಸರದಿ ಬಂತು. "ಲಾ ಮಾದ್ರೆ", ಅಂದ್ರ ಅವ್ವ, ಅಂದಾಕಿ ಅಲ್ಲೇ ನಿಂತ್ಲು. ಕಣ್ಣಾಗ ನೀರು.

ನಮ್ಮ ಕಡೆ ಹೆಂಡತಿ ಹೆಸರು ಗಂಡ ಬಾಯಿಲೆ ಹೇಳೂದಿಲ್ಲ. ಲಗ್ನದಾಗ ಒಮ್ಮೆ ಎಲ್ಲಾರೂ ಕೂಡಿ ಹೇಳಸ್ತಾರ, ಅಷ್ಟ. ನಾನೂ "ಏ, ಇಲ್ಲೆ ಕೇಳ" ಅಂತನ ಸಂಸಾರ ಮಾಡಿದವ. ಆದ್ರ ಫೋನು ಕಾಯಾಕತ್ತಿತ್ತು. ಹುಡುಗಿ ಕೆಲಸ ಹೋಗ್ತಿತ್ತು. ಎದ್ದು ನಿಂತು ಒದರಿದೆ.

"ಶಿವಗಂಗವ್ವ!"

ಹೆಣ್ಣಮಕ್ಕಳು ಹೋ ಅಂತ ನಕ್ಕರು. ಮಗಳಿಗೂ ಅಳೂದ್ರಾಗ ನಗಿ ಬಂತು. ಆಮ್ಯಾಲೆ ಅರಳು ಹುರದಂಗ ಮಾತಾಡಿದ್ಲು. ಪಾಸಾದ್ಲು.

ಅಕ್ಕ ಮಾತ್ರ ಸೆರಗಿನಿಂದ ಕಣ್ಣು ಒರಸಿಕೋತ ಬೈದ್ಲು:

"ಲಗ್ನದಾಗ ಹೇಳಲೇ ಅಂದ್ರ ಹಂದರ ಬಿಟ್ಟು ಓಡಿದ್ದಿ. ಈಗ ಸ್ಪೇನಿನಾಕಿ ಕೇಳಿದ್ಲಂತ ಹೇಳಿದೇನೋ, ಖೋಡಿ!"