ನುಸಿಬರಣಿಯ ನೀಲಾಂಬಿಕೆ ಶಿಫಾರಸು ಪತ್ರ ಗೆದ್ದ ಪ್ರಸಂಗ

ಯಾವ ಯುಗದಲ್ಲಿ ವಿದ್ಯೆಗಿಂತ ವಿದ್ಯೆಯ ಸಾಕ್ಷಿಗೆ ಬೆಲೆ ಹೆಚ್ಚೋ, ಯಾವ ಯುಗದಲ್ಲಿ ಒಬ್ಬಳು ಬಲ್ಲವಳೆಂದು ಬಲ್ಲವರು ಮೂವರು ಬರೆದುಕೊಡದೆ ಯಾವ ವಿದ್ಯಾಮಂದಿರದ ಬಾಗಿಲೂ ತೆರೆಯದೋ, ಆ ಮುದ್ರಾಂಕಿತ, ದಾಖಲೆಪೂರ್ಣ, ಅಂತಿಮದಿನಾಂಕಭೀಕರ ಯುಗದಲ್ಲಿ, ಧಾರವಾಡವೆಂಬ ಪೇಢಾಪರಿಮಳಿತ ಪಟ್ಟಣದಲ್ಲಿ ನಡೆದ ಮಹಾಸಮರವೊಂದನ್ನು ಹೇಳುತ್ತೇನೆ. ಓ ಸಹಿಯ ಅಧಿದೇವತೆಯೇ, ಶಾಯಿ ಒಣಗಿದ ಪೆನ್ನುಗಳಲ್ಲಿ ನೆಲೆಸಿರುವವಳೇ, ನನ್ನ ನಾಲಿಗೆಯ ಮೇಲೆ ಬಂದು ಕೂರು. ಬಹಳ ಹೊತ್ತೇನೂ ಬೇಡ, ಸಂಜೆ ಐದರವರೆಗೆ ಸಾಕು.

ನಾಯಕಿ ನೀಲಾಂಬಿಕಾ ಹುಣಶ್ಯಾಳ. ಕೀಟಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ರಾಣೆಬೆನ್ನೂರಿನ ಬೀಜದ ಗೋದಾಮಿನಲ್ಲಿ ಎರಡು ವರ್ಷ ಚೀಲ ತಪಾಸಣೆ ಮಾಡಿ, ಇನ್ನು ಪಿಎಚ್.ಡಿ. ಮಾಡದೆ ಜೀವ ನಿಲ್ಲದೆಂದು ಶಪಥಗೈದವಳು. ಅರ್ಜಿಗೆ ಮೂರು ಶಿಫಾರಸು ಬೇಕು. ಎರಡು ದುರ್ಗಗಳು ಒಂದೊಂದು ಫೋನಿಗೇ ಶರಣಾಗಿದ್ದವು. ಉಳಿದದ್ದು ಅವಳ ಹಳೆಯ ಗೈಡ್ ಡಾ. ಗುರುಪಾದಯ್ಯ ಸಾಲಿಮಠ: ನುಸಿಕುಲಪಾಲಕ, ರಕ್ತವರ್ಣಲೇಖನೀಧರ, ಒಂದು ಮಗ್ಗುಲು ಖಾಲಿಯಿರುವ ಹಾಳೆಯನ್ನು ಜನ್ಮದಲ್ಲಿ ಎಸೆಯದ ಮಿತವ್ಯಯಚಕ್ರವರ್ತಿ. ಅರ್ಜಿಯಲ್ಲಿ ಅವರ ಹೆಸರನ್ನು ನೀಲಾಂಬಿಕೆ ಹತ್ತು ದಿನದ ಹಿಂದೆಯೇ ತುಂಬಿದ್ದಳು. ಅವರನ್ನು ಕೇಳುವ ಧೈರ್ಯವೊಂದು ಆಗಿರಲಿಲ್ಲ. ಇಂದು ಸಂಜೆ ಐದಕ್ಕೆ ಗಡುವು ಮುಗಿಯುತ್ತಿತ್ತು.

ಧೈರ್ಯವಾಗದ್ದಕ್ಕೆ ಕಾರಣ ಒಂದು ಬರಣಿ. ಸಾಲಿಮಠರು ಸಂಶೋಧನೆಗೆಂದು ಗಾಜಿನ ಬರಣಿಗಳಲ್ಲಿ ಜೋಳ ತುಂಬಿ ನುಸಿ ಸಾಕುತ್ತಿದ್ದರು. ಬರಣಿಯ ಬಾಯಿಗೆ ತೆಳುಬಟ್ಟೆ, ಬಟ್ಟೆಯ ಮೇಲೊಂದು ರಬ್ಬರ್ ಬ್ಯಾಂಡ್. ಎರಡು ವರ್ಷದ ಹಿಂದೆ ಒಂದು ಸಂಜೆ ನೀಲಾಂಬಿಕೆ ಬಸ್ಸಿನ ಅವಸರದಲ್ಲಿ ಬಟ್ಟೆ ಹೊದಿಸಿದಳು, ಬ್ಯಾಂಡ್ ಮರೆತಳು. ಮರುದಿನ ಐನೂರು ನುಸಿಗಳ ಚತುರಂಗಸೇನೆ ಇಡೀ ವಿಭಾಗದ ಮೇಲೆ ದಂಡೆತ್ತಿ ಹೋಯಿತು. ಅಂದೇ ತಪಾಸಣೆಗೆ ಬಂದಿದ್ದ ಸಮಿತಿಯ ಅಧ್ಯಕ್ಷರ ಕನ್ನಡಕದ ಗಾಜಿನ ಮೇಲೆ, ಅದೂ ಒಳಮಗ್ಗುಲಲ್ಲಿ, ಸೇನಾಪತಿ ನುಸಿಯು ಗಂಭೀರವಾಗಿ ನಡೆದುಹೋಯಿತು.

“ಈಕಿ ಕೈಯಾಗ ಇನ್ನೊಮ್ಮೆ ಬರಣಿ ಕೊಟ್ಟರ ನನ್ನ ಹೆಸರು ಬ್ಯಾರೆ ಇಡ್ರಿ!” ಎಂದು ಸಾಲಿಮಠರು ಎಲ್ಲರೆದುರು ಗರ್ಜಿಸಿದ್ದರು.

ಪದವಿ ಮುಗಿಸಿಕೊಂಡು ಹೋದವಳು ನಾಚಿಕೆಯಿಂದ ಮತ್ತೆ ಮುಖ ತೋರಿಸಲಿಲ್ಲ. ನಮ್ಮ ಕಡೆ ದಸರೆಗೆ ಹಿರಿಯರ ಕೈಗೆ ಬನ್ನಿ ಎಲೆ ಕೊಟ್ಟು, ‘ಬಂಗಾರದಂಗ ಇರೋಣ’ ಎಂದು ಕಾಲಿಗೆರಗುತ್ತಾರೆ. ವರ್ಷದ ಜಗಳ ಆ ಒಂದು ಎಲೆಗೆ ಮುಗಿಯುತ್ತದೆ. ಬಾರದೆ ಉಳಿದವರ ಜಗಳ ಮಾತ್ರ ಮುಗಿಯುವುದಿಲ್ಲ, ಬೈದವರು ಅದನ್ನು ಎಂದೋ ಮರೆತಿದ್ದರೂ. ಹೀಗೆ ಎರಡು ದಸರೆ ಕಳೆದವು. ಮೂರನೆಯ ದಸರೆ ಮುಗಿದ ಮೂರನೆಯ ದಿನ, ಬನ್ನಿಯೆಂಬ ಆಯುಧವನ್ನು ಕೈಚೀಲವೆಂಬ ಬತ್ತಳಿಕೆಯಲ್ಲಿರಿಸಿ, ವೀರಾಂಗನೆಯು ಎರಡೂವರೆಗೆ ವಿಭಾಗದ ಮಹಾದ್ವಾರವನ್ನು ತಲುಪಿದಳು.

ದ್ವಾರಪಾಲಕರಾದ ಅಟೆಂಡರ್ ದಸ್ತಗೀರಸಾಬರು ಸ್ಟೂಲಿನ ಮೇಲಿಂದಲೇ ತಡೆದರು.

“ಈಗ ಒಳಗ ಹೋಗಬ್ಯಾಡ ತಂಗಿ. ಸಾಹೇಬ್ರು ಹುಡುಗರ ಪೇಪರ್ ತಿದ್ದಾಕ ಹತ್ಯಾರ. ಮೂರಕ್ಕ ಚಹಾ ಬರತೈತಿ. ಅರ್ಧ ಕಪ್ಪು ಹೊಟ್ಟಿಗೆ ಹೋಗಲಿ, ಆಮ್ಯಾಲೆ ಹೋಗು.”

ಇಂಥ ಯುದ್ಧತಂತ್ರ ಯಾವ ಗ್ರಂಥದಲ್ಲೂ ಸಿಗದು. ನೀಲಾಂಬಿಕೆ ಕಾದಳು. ಕಾಯುತ್ತ ಮನಸ್ಸಿನಲ್ಲೇ ರಣಘೋಷ ಸಿದ್ಧಪಡಿಸಿದಳು: ‘ಎಲೈ ಕೀಟಕುಲಕಾಲಭೈರವನೇ! ಇಪ್ಪತ್ತು ಸಾವಿರ ಚೀಲಗಳನ್ನು ಒಬ್ಬಳೇ ಎದುರಿಸಿ ಬಂದವಳು ನಾನು. ನಾನು ಸಲಾಕೆ ಚುಚ್ಚಿದರೆ ಚೀಲದೊಳಗಿನ ನುಸಿಯ ಏಳು ತಲೆಮಾರು ನಡುಗುತ್ತವೆ. ಕೊಡು ಪತ್ರವನ್ನು, ಇಲ್ಲವೇ ಕೊಡು ಯುದ್ಧವನ್ನು!’

ಬಾಗಿಲ ಬಳಿ ಬಾಯಿಂದ ಹೊರಟದ್ದು ಇಷ್ಟು: “ಸರ್, ಒಳಗ ಬರ್ಲೇನ್ರಿ?”

“ಬಂದೀಯಲ್ಲ,” ಎಂದರು ಸಾಲಿಮಠರು, ತಲೆಯೆತ್ತದೆ.

ಅವಳು ಬನ್ನಿ ಕೊಟ್ಟು ಕಾಲಿಗೆರಗಿದಳು. “ಬಂಗಾರದಂಗ ಇರೋಣ್ರಿ ಸರ್.”

“ಎರಡು ದಸರಾ ಎಲ್ಲಿದ್ದಿ?”

“ರಾಣೆಬೆನ್ನೂರಾಗ್ರಿ.”

“ಅಲ್ಲಿ ಬನ್ನಿಗಿಡ ಇಲ್ಲೇನು?”

ಅವಳು ನೆಲ ನೋಡುತ್ತ ಬಂದ ಕಾರಣ ಹೇಳಿದಳು, ಗಡುವನ್ನೂ ಹೇಳಿದಳು. ಸಾಲಿಮಠರು ಗಡಿಯಾರ ನೋಡಿದರು. ಮೂರೂ ಇಪ್ಪತ್ತು.

“ಶಾಣ್ಯಾಕಿ ಅದಿ,” ಎಂದು, ಎಷ್ಟೋ ಶಿಷ್ಯರನ್ನು ನೆಲಕ್ಕೆ ಕೆಡವಿದ ತಮ್ಮ ಬ್ರಹ್ಮಾಸ್ತ್ರವನ್ನು ಹೂಡಿದರು: “ನೀನಽ ಬರಕೊಂಡು ಬಾ. ನಾ ಸಹಿ ಹಾಕ್ತೀನಿ.”

ಹಳೆಯ ಸುತ್ತೋಲೆಯೊಂದರ ಬೆನ್ನು ಅವಳ ಮುಂದೆ ಬಂತು. ತನ್ನನ್ನು ತಾನೇ ಹೊಗಳಿಕೊಳ್ಳುವುದು ಸಾವಿಗೆ ಸಮ ಎಂದು ಹಿರಿಯರು ಹೇಳುತ್ತಾರೆ. ಇಲ್ಲಿ ಹೊಗಳಿಕೊಳ್ಳದಿದ್ದರೂ ಸಾವೇ. ನಲವತ್ತು ನಿಮಿಷ ಬೆವರು ಸುರಿಸಿ ಆ ವೀರಾಂಗನೆ ಬರೆದದ್ದು: ‘ಇವಳು ಸಮಯಕ್ಕೆ ಸರಿಯಾಗಿ ಬರುತ್ತಿದ್ದಳು. ನಡತೆ ಒಳ್ಳೆಯದು. ಇವಳ ಮೇಲೆ ಯಾವ ದೂರೂ ಇಲ್ಲ.’ ಕೊನೆಯ ವಾಕ್ಯವನ್ನು ತಾನೇ ಹೊಡೆದುಹಾಕಿದ್ದಳು.

ಸಾಲಿಮಠರು ಓದಿ ಕೆಂಪು ಪೆನ್ನು ಎಳೆದರು. “ಇದೇನವಾ, ಬಾಡಿಗಿ ಮನಿ ಕೇಳಾಕ ಹೊಂಟೀಯೇನು? ನಡತಿ ಒಳ್ಳೇದಂತ! ನುಸೀದು ಎಲ್ಲೈತಿ?”

“ಸರ್, ಅದನ್ನ ಬರದರ ನನಗ ಯಾರು ಸೀಟು ಕೊಡ್ತಾರ್ರಿ?”

“ಅದನ್ನ ಬಿಟ್ಟು ಬರದರ ಯಾಕ ಕೊಡಬೇಕು?”

ಎಂದವರೇ, ಮೇಜಿನ ಖಾನೆಯನ್ನು ಎಳೆದು, ಎರಡೂ ಮಗ್ಗುಲು ಖಾಲಿಯಿರುವ ಒಂದು ಹೊಸ ಹಾಳೆಯನ್ನು ಹೊರತೆಗೆದರು. ಬಾಗಿಲಲ್ಲಿ ನಿಂತಿದ್ದ ದಸ್ತಗೀರಸಾಬರು ಗೋಡೆ ಹಿಡಿದುಕೊಂಡರು. ದಿಕ್ಪಾಲಕರು ಬೆರಗಾದರು. ಸಾಲಿಮಠರು ಹೇಳಿದರು, ಅವಳು ಬರೆದಳು:

‘ಇವಳು ನನ್ನ ಪ್ರಯೋಗಾಲಯದಲ್ಲಿ ಒಂದು ತಪ್ಪು ಮಾಡಿದಳು. ಯಾರೂ ನೋಡಿರಲಿಲ್ಲ. ನಾನು ಕೇಳುವ ಮೊದಲೇ ಬಂದು, ಬರಣಿ ಕಟ್ಟದೆ ಹೋದವಳು ನಾನೇ ಎಂದಳು. ಮೂರು ದಿನ ನೆಲಕ್ಕೆ ಮೊಣಕಾಲೂರಿ, ಕುಂಚದಿಂದ ಒಂದೊಂದೇ ಎತ್ತಿ, ನಾನೂರ ತೊಂಬತ್ತಾರು ನುಸಿ ಹಿಡಿದಳು. ವಹಿಯಲ್ಲಿ ಐನೂರು ಎಂದು ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾಲ್ಕು ಸಿಗಲಿಲ್ಲ ಎಂದು ಬರೆದಳು. ಮೂವತ್ತೊಂದು ವರ್ಷದಲ್ಲಿ ಇವಳಿಗಿಂತ ಬುದ್ಧಿವಂತರನ್ನು ಕಂಡಿದ್ದೇನೆ. ಇವಳ ಎಣಿಕೆಯನ್ನು ನಂಬಿದಷ್ಟು ಬೇರೆ ಯಾರದನ್ನೂ ನಂಬಿಲ್ಲ.’

“ಯಾಕ ನಿಂತಿ? ಬರಿ.”

“ಪೆನ್ನು ನಡೀವಲ್ದ್ರಿ ಸರ್.”

“ಪೆನ್ನಿನ ಮ್ಯಾಲೆ ಹಾಕಬ್ಯಾಡ. ಹೊಸ ಹಾಳಿ, ತೊಯ್ಯಿಸಬ್ಯಾಡ.”

ಅವಳು ಮೂಗೊರೆಸಿಕೊಂಡಳು. “ಆ ನಾಕರಾಗ ಒಂದು ಅಧ್ಯಕ್ಷರ ಕೂಡ ಹೋಗಿರಬೇಕ್ರಿ.”

“ಅದನ್ನ ಬರೀಬ್ಯಾಡ,” ಎಂದರು ಸಾಲಿಮಠರು. ಮೀಸೆಯಡಿಯಲ್ಲಿ ಏನೋ ಅಲುಗಿತು.

ಸಹಿಯಾಗುವಾಗ ನಾಲ್ಕೂ ನಲವತ್ತು. ಇನ್ನು ಉಳಿದದ್ದು ಕಂಪ್ಯೂಟರೆಂಬ ಕೊನೆಯ ಕೋಟೆ. ಸಾಲಿಮಠರಿಗೆ ಪಾಸ್‌ವರ್ಡ್ ಮರೆತಿತ್ತು. ಅದು ಒಂದು ಬರಣಿಯ ತಳಕ್ಕೆ ಅಂಟಿಸಿದ ಚೀಟಿಯಲ್ಲಿತ್ತು. ಬರಣಿಯನ್ನು ಓರೆ ಮಾಡಿ, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಒತ್ತಿ, ಹತ್ತು ದಿನದಿಂದ ಓದದೆ ಬಿದ್ದಿದ್ದ ಶಿಫಾರಸು ಕೋರಿಕೆಯ ಮಿಂಚಂಚೆಯ ಲಿಂಕನ್ನು ಅವರು ತೆರೆದಾಗ ನಾಲ್ಕೂ ಐವತ್ತೆರಡು. ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು: ‘ಈ ಅಭ್ಯರ್ಥಿಯನ್ನು ಶಿಫಾರಸು ಮಾಡುವಿರಾ?’ ಅದರಡಿ ಎರಡು ಪುಟ್ಟ ವೃತ್ತಗಳು, ಹೌದು ಮತ್ತು ಇಲ್ಲ. ಅದರಡಿ ಇನ್ನೂ ಪುಟ್ಟ ಅಕ್ಷರದಲ್ಲಿ: ‘ಪತ್ರ ಲಗತ್ತಿಸುವ ಅಗತ್ಯವಿಲ್ಲ.’

ಸಾಲಿಮಠರು ‘ಹೌದು’ ಒತ್ತಿದರು. ‘ಧನ್ಯವಾದಗಳು’ ಎಂದಿತು ಪರದೆ.

“ಇಷ್ಟಽ?”

“ಇಷ್ಟಽ ರೀ ಸರ್.”

“ಇದಕ್ಕ ಒಂದು ಹೊಸ ಹಾಳಿ ಹೋತು.” ಪತ್ರವನ್ನು ಮಡಚಿ ಅವಳ ಕೈಗಿಟ್ಟರು. “ಇಟ್ಕೊ. ಹಿಂದಿನ ಮಗ್ಗಲಾ ಖಾಲಿ ಐತಿ, ಏನರ ಬರಕೋ. ಮುಂದಿನ ದಸರಾಕ್ಕ ಬರಾಕ ಮತ್ತ ಅರ್ಜಿ ಬೇಕೇನು?”

“ಇಲ್ರಿ ಸರ್. ಬರ್ತೀನ್ರಿ.”

“ಹೋಗೂಮುಂದ ಆ ಬರಣಿ ಬಾಯಿ ಕಟ್ಟಿ ಹೋಗು. ಓರೆ ಮಾಡೂಮುಂದ ಬ್ಯಾಂಡ್ ಸಡಲೈತಿ.”

ಅವಳು ಬರಣಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಬಾಗಿಲಲ್ಲಿ ದಸ್ತಗೀರಸಾಬರು ಕೆಮ್ಮಿದರು. “ಸಾಹೇಬ್ರ, ಇನ್ನ ನಿಮಗ ಏನಂತ ಹೆಸರಿಡೂಣ್ರಿ?”

“ನೀ ಚಹಾದ ಕಪ್ಪು ತೊಗೊಂಡು ನಡಿ.”

ನೀಲಾಂಬಿಕೆ ತೆಳುಬಟ್ಟೆಯನ್ನು ನೇರ ಮಾಡಿ, ಬಿಗಿಯಾಗಿ ಒಂದು ರಬ್ಬರ್ ಬ್ಯಾಂಡ್ ಹಾಕಿದಳು. ಒಂದು ಕ್ಷಣ ಯೋಚಿಸಿ, ಅದರ ಮೇಲೆ ಇನ್ನೊಂದು ಹಾಕಿದಳು.

“ಒಂದು ಸಾಕು,” ಎಂದರು ಸಾಲಿಮಠರು, ಪೇಪರುಗಳಿಂದ ತಲೆಯೆತ್ತದೆ. “ಇನ್ನೊಂದು ಡಬ್ಬಿಯೊಳಗ ಹಾಕು.”